ನಾಯಿಯನ್ನೇ ಕೇಳಿ

ಗುಡ್ಡದ ಬುಡದಲ್ಲಿ ಮಲಗಿರುವ ಅತ್ತೆಯವರಿಗೆ,

ಸೊಸೆ ಮೊಣಕಾಲೂರಿ, ಕೈ ತಟ್ಟಿ ಮಾಡುವ ನಮಸ್ಕಾರಗಳು.

ನಾಳೆ ಬೆಳಿಗ್ಗೆ ನಿಮ್ಮ ಬಟ್ಟೆಗಳನ್ನು ಹಂಚುತ್ತಾರೆ. ನಿಮ್ಮ ತವರಿನವರು ಬುಹೇರಾದಿಂದ ಆಗಲೇ ಬಂದಿಳಿದಿದ್ದಾರೆ. ನಿಮ್ಮ ತಮ್ಮ ಒನಿಯಾಸ್ ಮಾವ ಅಂಗಳದ ಮರದ ಕೆಳಗೆ ಕುಳಿತು, ನಿಮ್ಮ ವರ್ಷದ ಪೂಜೆಗೆಂದು ಇಳಿಸಿದ ರಾಗಿ ಹೆಂಡ ಹದವಾಗಿದೆಯೋ ಇಲ್ಲವೋ ಎಂದು ಮೂರನೆಯ ಸಲ ಪರೀಕ್ಷೆ ಮಾಡುತ್ತಿದ್ದಾರೆ. ನಾಳೆ ಗಂಟು ಬಿಚ್ಚಿದಾಗ ಚರ್ಚಿಗೆ ಹಾಕುತ್ತಿದ್ದ ಕೆಂಪು ರವಿಕೆ ಇರುತ್ತದೆ, ಮೊಣಕೈ ಹರಿದ ಕಂದು ಸ್ವೆಟರ್ ಇರುತ್ತದೆ, ಐದು ತಲೆವಸ್ತ್ರಗಳೂ ಇರುತ್ತವೆ. ಎರಡು ಜೇಬಿನ ನೀಲಿ ಗೌನು ಮಾತ್ರ ಇರುವುದಿಲ್ಲ. ಅದು ನನ್ನ ಹತ್ತಿರ ಇದೆ. ಒಂದು ವರ್ಷದಿಂದ ಕಣಜದ ಹಿಂದೆ ಗೋಣಿಚೀಲದಲ್ಲಿ ಬಚ್ಚಿಟ್ಟಿದ್ದೇನೆ.

ಕದ್ದೆ ಅನ್ನಿ, ಇಲ್ಲ ಅನ್ನುವುದಿಲ್ಲ. ಸತ್ತವರ ಬಟ್ಟೆಯನ್ನು ಹಂಚುವ ಮುಂಚೆ ಮುಟ್ಟಿದವರ ಬಗ್ಗೆ ಊರು ಏನು ಮಾತಾಡುತ್ತದೆ ಎಂಬುದೂ ಗೊತ್ತು. ಆದರೆ ಆ ಗೌನು ನಿಮ್ಮ ತವರಿಗೆ ಹೋದರೆ ನಾಯಿ ಹಮುಂದಿದಿಯ ಉಳಿದಿರುವ ಒಂದು ಕಣ್ಣೂ ಹೋಗುತ್ತದೆ. ಕೇಳಿ ಉಳಿಸಿಕೊಳ್ಳೋಣವೆಂದರೆ ಎಲ್ಲರ ಮುಂದೆ ಎಲ್ಲವನ್ನೂ ಹೇಳಬೇಕು. ಏನು ಮಾಡಲಿ ಎಂದು ತಿಳಿಯದೆ ಮಗಳು ರತಿಜೋ ಬರೆಯುವ ಶಾಲೆಯ ಪುಸ್ತಕದಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ. ನಿಮ್ಮ ಜೊತೆ ನಾನು ನೇರವಾಗಿ ಮಾತಾಡುತ್ತಿರುವುದು ಇದೇ ಮೊದಲು. ಒಂಬತ್ತು ವರ್ಷ ನಾನು ಹೇಳಬೇಕಾದದ್ದನ್ನೆಲ್ಲ ನಾಯಿಯ ಕೈಲಿ ಹೇಳಿಸಿದ್ದೆ.

ಸೊಸೆಯಾದವಳು ಅತ್ತೆಗೆ ಎದುರಾಡುವಂತಿಲ್ಲ. ಆದರೆ ಸಾಕಿದ ನಾಯಿಗೆ ಮನಸ್ಸಿಗೆ ಬಂದ ಹೆಸರಿಡಬಹುದು, ಆ ಹೆಸರನ್ನು ದಿನಕ್ಕೆ ಇಪ್ಪತ್ತು ಸಲ ಗಂಟಲು ಹರಿಯುವಂತೆ ಕೂಗಬಹುದು, ಅದಕ್ಕೆ ಯಾರೂ ತಪ್ಪು ಹೊರಿಸುವಂತಿಲ್ಲ. ನಮ್ಮೂರಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂದು ತಿಳಿಯಬೇಕಾದರೆ ಸಂಜೆ ನಾಯಿಗಳನ್ನು ಕರೆಯುವ ಹೊತ್ತಿಗೆ ಸುಮ್ಮನೆ ಕಿವಿಗೊಟ್ಟು ನಿಂತರೆ ಸಾಕು. ಮದುವೆಯಾದ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ಸಾಡ್ಜಾ ಮುದ್ದೆಯನ್ನು ನೀವು ಬೆರಳಿನಿಂದ ಒತ್ತಿ ನೋಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಿರಿ. "ಗುಟು ಕಡೆಯವ್ರು ಜೋಳದ ಹಿಟ್ಟಿಗೆ ಬದ್ಲು ಕಲ್ಲು ಬೇಯಿಸ್ತಾರೇನೋ" ಎಂದು ನನ್ನ ತವರೂರನ್ನು ಎತ್ತಿ ದೊಡ್ಡ ಸೊಸೆ ಸೆಕಾಯಿಗೆ ಹೇಳಿದಿರಿ. ನಾನು ಬಾಗಿಲ ಹೊರಗೇ ಇದ್ದೆ, ಅದು ನಿಮಗೆ ಗೊತ್ತಿತ್ತು. ಆ ವಾರವೇ ಮನೆಗೆ ಬಂದ ಕಂದು ಮರಿಗೆ ನಾನು ಹಮುಂದಿದಿ ಎಂದು ಹೆಸರಿಟ್ಟೆ. ಅಂದರೆ, ನಿಮಗೆ ನನ್ನನ್ನು ಕಂಡರೆ ಪ್ರೀತಿಯಿಲ್ಲ ಎಂದು.

ನೀವೇನು ಕಡಿಮೆಯೇ. ಮೂರು ವಾರ ಕಳೆಯುವುದರೊಳಗೆ ಎಲ್ಲಿಂದಲೋ ಒಂದು ಕರಿ ಮರಿಯನ್ನು ತಂದು ನ್ದಾಯ್ತೆಯಿ ಎಂದು ಹೆಸರಿಟ್ಟಿರಿ. ಅಂದರೆ, ನಾನೇನು ಮಾಡಿದೆ ಎಂದು. ಆಮೇಲೆ ಏಳು ವರ್ಷ ಪ್ರತಿ ಸಂಜೆ ಇದೇ ಕತೆ. ನಾನು ನನ್ನ ಅಡುಗೆಮನೆ ಬಾಗಿಲಲ್ಲಿ ನಿಂತು ಹಮುಂದಿದೀ ಎಂದು ಕೂಗಿದರೆ ನೀವು ನಿಮ್ಮ ಬಾಗಿಲಿಂದ ನ್ದಾಯ್ತೆಯೀ ಎಂದು ಕೂಗುತ್ತಿದ್ದಿರಿ. ಬಾವಿಯ ಹತ್ತಿರ ಹೆಂಗಸರು ಕೊಡ ಕೆಳಗಿಟ್ಟು ನಗುತ್ತಿದ್ದರು. ನಿಮ್ಮ ಮಗ, ನನ್ನ ಗಂಡ, ಅಂಗಳದ ನಡುವೆ ಕುಳಿತು, "ನಾಯಿಗಳೇ ವಾಸಿ ಕಣ್ರಮ್ಮಾ, ಅವಾದ್ರೂ ಒಂದೇ ತಟ್ಟೇಲಿ ತಿಂತವೆ" ಅನ್ನುತ್ತಿದ್ದರು. ನಾವಿಬ್ಬರೂ ಅವರ ಮಾತು ಕೇಳಿಸಿಕೊಳ್ಳದವರಂತೆ ಒಳಗೆ ಹೋಗುತ್ತಿದ್ದೆವು.

ನಿಮಗೆ ಒಂದು ವಿಷಯ ಹೇಳಿಲ್ಲ. ನನ್ನ ಹೆಸರೂ ಅಂಥದ್ದೇ. ಮೂರನೆಯದೂ ಹೆಣ್ಣಾಯಿತೆಂದು ಅಪ್ಪನ ಮನೆಯವರು ಮುಖ ತಿರುಗಿಸಿದಾಗ ಅಮ್ಮ ನನಗೆ ಮಾಯಿದೆಯಿ ಎಂದು ಹೆಸರಿಟ್ಟಳು. ನಿಮಗೇನು ಬೇಕಿತ್ತು ಎಂದು. ಹುಟ್ಟಿದಾಗಿನಿಂದ ನಾನು ಬೇರೆ ಯಾರಿಗೋ ಕೊಟ್ಟ ಉತ್ತರ. ಈ ಮನೆಗೆ ಬಂದ ಮೇಲೆ ನಿಮ್ಮ ಬಾಯಲ್ಲಿ ಆ ಹೆಸರೂ ಬರಲಿಲ್ಲ. ಮೊದಲು "ಆ ಗುಟುವಿನವಳು" ಆಗಿದ್ದೆ, ಮಗು ಹುಟ್ಟಿದ ಮೇಲೆ ರತಿಜೋಳ ತಾಯಿ ಆದೆ. ಹಾಗೆ ಕರೆಯುವುದು ನಮ್ಮಲ್ಲಿ ಮರ್ಯಾದೆಯೇ, ತಪ್ಪಲ್ಲ. ಆದರೂ ಹೆಸರು ಹಿಡಿದು ಬೈದಿದ್ದರೂ ಸಂತೋಷವಾಗುತ್ತಿತ್ತು.

ನಿಮ್ಮ ನ್ದಾಯ್ತೆಯಿ ಹಾವು ಕಚ್ಚಿ ಸತ್ತಿತು. ನೀವು ಇನ್ನೊಂದು ನಾಯಿ ತರಲಿಲ್ಲ. ಅಂದಿನಿಂದ ನನ್ನ ಹಮುಂದಿದಿ ನಿಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಮಲಗಲು ಶುರು ಮಾಡಿತು. ನಾನು ಎಳೆದು ತರುತ್ತಿದ್ದೆ, ಅದು ಮತ್ತೆ ಹೋಗುತ್ತಿತ್ತು. ಇದೇ ಹೊತ್ತಿಗೆ ಅದರ ಕಣ್ಣು ಕೆಂಪಾಗತೊಡಗಿದ್ದು. ಮೊದಲು ದೂಳು ಬಿದ್ದಿದೆ ಅಂದುಕೊಂಡೆ. ಆಮೇಲೆ ದಿನಾ ಬೆಳಿಗ್ಗೆ ರೆಪ್ಪೆಗಳೆರಡೂ ಅಂಟಿಕೊಂಡು ಹಸಿರು ಗೀಜು ಎಳೆಎಳೆಯಾಗಿ ಬರುತ್ತಿತ್ತು. ಹೊಳೆಯುತ್ತಿದ್ದ ಕಣ್ಣಗುಡ್ಡೆ ಮಂಕಾಯಿತು. ಬಾಯಿಯೂ ಕೆಟ್ಟಿತು. ನಾನು ಹಾಕಿದ ಮುದ್ದೆಯನ್ನು ಬಾಯಿಗಿಟ್ಟುಕೊಂಡು ನುಂಗಲಾಗದೆ ಉಗುಳುತ್ತಿತ್ತು, ಒಂದು ತುತ್ತಿಗೆ ಒಂದು ಸಲ ನೀರಿಗೆ ಓಡುತ್ತಿತ್ತು. ನಾಲಿಗೆ ಅಂಗುಳಿಗೆ ಅಂಟಿ ಬೊಗಳಿದರೆ ಕೆಮ್ಮಿದ ಹಾಗೆ ಕೇಳುತ್ತಿತ್ತು. ಆದರೆ ನಿಮ್ಮ ಹೊಸ್ತಿಲಲ್ಲಿ ಒಂದು ಬಟ್ಟಲು ಇರುತ್ತಿತ್ತು, ಅದರಲ್ಲಿ ತೆಳ್ಳಗಿನ ರಾಗಿ ಗಂಜಿ. ಅದನ್ನು ಮಾತ್ರ ನೆಕ್ಕಿ ಖಾಲಿ ಮಾಡುತ್ತಿತ್ತು. ನನ್ನ ಕೈಯ ಮುದ್ದೆ ಬೇಡ, ನಿಮ್ಮ ಗಂಜಿ ಬೇಕು. ಅಂದರೆ ಗಂಜಿಯಲ್ಲಿ ಏನೋ ಇದೆ ಎಂದು ನನ್ನ ತಲೆ ಓಡಿತು.

ಆಮೇಲೆ ಆ ಬೆಳಿಗ್ಗೆ. ಕಣಜದಿಂದ ಜೋಳ ತೆಗೆಯಲು ಹೋದವಳು ನಿಮ್ಮನ್ನು ನೋಡಿದೆ. ನೀಲಿ ಗೌನು ತೊಟ್ಟು, ಕಣಜದ ಹಿಂದಿನ ಕಲ್ಲಿನ ಮೇಲೆ ಕುಳಿತು, ನಾಯಿಯ ತಲೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅದರ ಕಣ್ಣಿಗೆ ಏನನ್ನೋ ಹಾಕುತ್ತಿದ್ದಿರಿ. ನನ್ನನ್ನು ಕಂಡ ಕೂಡಲೇ ಕೈಯಲ್ಲಿದ್ದದ್ದು ಜೇಬಿಗೆ ಹೋಯಿತು. ಎದ್ದು ಹೋದಿರಿ. ನಾನು ಇನ್ನೇನು ಅಂದುಕೊಳ್ಳಬೇಕಿತ್ತು ಹೇಳಿ? ನಮ್ಮಲ್ಲಿ ಕಾಯಿಲೆ ಎಂದರೆ ಯಾರಾದರೂ ಕಳಿಸಿದ್ದು. ಆ ನಾಯಿಯ ಹೆಸರು ಚುಚ್ಚುತ್ತಿದ್ದದ್ದು ಇಡೀ ಲೋಕದಲ್ಲಿ ಒಬ್ಬರನ್ನೇ. ಹೆಸರನ್ನು ಅಳಿಸಲಾರದೆ ನಾಯಿಯನ್ನು ಮುಗಿಸುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಊರ ಮುಖ್ಯಸ್ಥರ ಮುಂದೆ ಪಂಚಾಯಿತಿ ಸೇರಿಸಿದ್ದು ನಾನೇ. ಗಂಜಿ ಬಟ್ಟಲನ್ನು ಸಾಕ್ಷಿಗೆಂದು ಹಿಡಿದು ಹೋಗಿದ್ದೆ. ಅವರು, "ಏನಮ್ಮಾ, ನಾಯಿ ಕಣ್ಣಿಗೆ ಏನ್ ಹಾಕ್ತಿದ್ರಿ?" ಎಂದು ಕೇಳಿದರು. ನೀವು ನಶ್ಯದ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಏರಿಸಿ, ನಿಧಾನವಾಗಿ ಮೂಗು ಒರೆಸಿಕೊಂಡು ಹೇಳಿದಿರಿ: "ನನ್ನೇನ್ ಕೇಳ್ತೀರಾ? ನಾಯೀನೇ ಕೇಳಿ. ಇಷ್ಟ್ ವರ್ಷ ಇವಳ ಪರವಾಗಿ ಮಾತಾಡಿದ್ದು ಅದೇ ಅಲ್ವಾ? ಇವತ್ತೂ ಅದೇ ಮಾತಾಡ್ಲಿ." ಎಲ್ಲರೂ ನಕ್ಕರು. ನಾನು ನಗಲಿಲ್ಲ, ನೀವೂ ನಗಲಿಲ್ಲ. ಕೊನೆಗೆ ಮುಖ್ಯಸ್ಥರು, ನೀವು ಇನ್ನು ಆ ನಾಯಿಯನ್ನು ಮುಟ್ಟಬಾರದು, ನಾನು ಅದನ್ನು ನನ್ನ ಅಂಗಳದಲ್ಲೇ ಕಟ್ಟಿಕೊಳ್ಳಬೇಕು ಎಂದು ತೀರ್ಪು ಕೊಟ್ಟರು. ಗೆದ್ದೆ ಎಂದು ಮನೆಗೆ ಬಂದೆ. ನಿಮ್ಮ ಮಗ ಆ ದಿನ ಊಟ ಮಾಡಲಿಲ್ಲ.

ನಾಲ್ಕು ತಿಂಗಳು ಅದು ಸರಪಳಿಯಲ್ಲಿತ್ತು. ನಿಮ್ಮ ಕೈ ತಪ್ಪಿದ ಮೇಲೆ ಗುಣವಾಗಬೇಕಿತ್ತಲ್ಲವೇ? ಎಡಗಣ್ಣಿನ ಮೇಲೆ ಕಂದು ಪೊರೆ ಬೆಳೆದು ಪೂರ್ತಿ ಮುಚ್ಚಿಕೊಂಡಿತು. ನೀವು ನೀರಿಗೆ ಹೋಗುವಾಗ ಬೇಲಿಯ ಹತ್ತಿರ ಒಂದು ಗಳಿಗೆ ನಿಂತು ನೋಡಿ ಹೋಗುತ್ತಿದ್ದಿರಿ. ಮಾಡಿದ ಕೆಲಸ ಎಷ್ಟು ಚೆನ್ನಾಗಿ ಆಗಿದೆ ಎಂದು ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಅತ್ತೆ, ಬೇಲಿಯಾಚೆಯಿಂದ ಒಂದೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಒಮ್ಮೊಮ್ಮೆ ನಿಮ್ಮ ಮೇಲೇ ಸಿಟ್ಟು ಬರುತ್ತದೆ. ಒಮ್ಮೊಮ್ಮೆ ನಾನು ಕೇಳುತ್ತಿದ್ದೆನೇ ಎಂದು ಸುಮ್ಮನಾಗುತ್ತೇನೆ.

ನಮ್ಮ ಕಡೆ ಚಳಿಗಾಲವಾದ ಜೂನಿನಲ್ಲಿ ಮೂರೇ ದಿನದ ಎದೆನೋವಿಗೆ ನೀವು ಹೋಗಿಬಿಟ್ಟಿರಿ. ಸಾವಿನ ಮನೆಯಲ್ಲಿ ಅಳುವವರು ಅಳುತ್ತಾರೆ, ಸೊಸೆಯರು ನಗಿಸಬೇಕು. ಸತ್ತವರ ಬಟ್ಟೆ ತೊಟ್ಟು ಅವರ ನಡಿಗೆ, ಕೆಮ್ಮು, ಬೈಗುಳ ಎಲ್ಲವನ್ನೂ ಆಡಿ ತೋರಿಸಬೇಕು. ಸೆಕಾಯಿ ನೀಲಿ ಗೌನನ್ನು ನನ್ನ ತಲೆಯ ಮೇಲಿಂದ ಇಳಿಸಿ, "ನಿನಗಿಂತ ಚೆನ್ನಾಗಿ ಅವ್ರನ್ನ ಯಾರ್ ನೋಡಿದಾರೆ? ದಿನಾ ಕಾವಲು ಕಾಯ್ತಿದ್ದೆಯಲ್ಲ" ಎಂದು ತಳ್ಳಿದಳು. ನಾನು ನಿಮ್ಮ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಡೆದೆ. ನಶ್ಯ ಏರಿಸಿದೆ. "ಕಲ್ಲು ಬೇಯಿಸ್ತಾರೇನೋ" ಎಂದೆ. ಜನ ಕಣ್ಣೊರೆಸಿಕೊಂಡು ನಕ್ಕರು. ನಂತರ, ನೀವು ಕೂರುತ್ತಿದ್ದಂತೆ ಉಸ್ಸೆಂದು ಒಂದು ಕಲ್ಲಿನ ಮೇಲೆ ಕುಳಿತೆ.

ಜನ ಬರುತ್ತಾರೆಂದು ನಿಮ್ಮ ಮಗ ನಾಯಿಯ ಸರಪಳಿ ಬಿಚ್ಚಿ ಹಿತ್ತಲಿಗೆ ಅಟ್ಟಿದ್ದರು. ಅದು ಅಲ್ಲಿಂದ ಗಾಳಿ ಮೂಸುತ್ತ, ಜನರ ಕಾಲಿಗೆ ಡಿಕ್ಕಿ ಹೊಡೆಯುತ್ತ ನೇರವಾಗಿ ನನ್ನ ಹತ್ತಿರ ಬಂತು. ಒಂಬತ್ತು ವರ್ಷದಲ್ಲಿ ನನ್ನ ಹತ್ತಿರ ಹಾಗೆ ಬಂದದ್ದೇ ಇಲ್ಲ. ನನ್ನ ಮೊಣಕಾಲುಗಳ ನಡುವೆ ನುಗ್ಗಿ ಕುಳಿತು, ಗದ್ದವನ್ನು ನನ್ನ ಮಡಿಲಿಗಿಟ್ಟು, ಮುಖ ಮೇಲೆತ್ತಿ, ಅಲ್ಲಾಡದೆ ಕಾಯತೊಡಗಿತು. "ನಾಯೀನೂ ಮೋಸ ಹೋಯ್ತು" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ತಾನಾಗಿ ಗೌನಿನ ಬಲ ಜೇಬಿಗೆ ಹೋಯಿತು. ಅಲ್ಲಿ ಒಂದು ಮೆತ್ತಗಿನ ಬಟ್ಟೆಯ ಚೂರು ಇತ್ತು, ಬುಡದಿಂದ ಸುತ್ತಿ ಸುತ್ತಿ ಹಿಂಡಿದ್ದ ಒಂದು ಕಣ್ಣಿನ ಮುಲಾಮಿನ ಟ್ಯೂಬ್ ಇತ್ತು. ಆ ಕ್ಷಣ ನನಗೆ ಗೊತ್ತಾಯಿತು. ನೋವು ಕೊಟ್ಟ ಕೈಗೆ ಯಾವ ನಾಯಿ ಹಾಗೆ ಮುಖ ಒಡ್ಡುತ್ತದೆ?

ಆಗಲೇ ಎದ್ದು ಹೇಳಬೇಕಿತ್ತು, ಹೇಳಲಿಲ್ಲ. ಇನ್ನೂ ಸ್ವಲ್ಪ ಕುಣಿದು ಒಳಗೆ ಹೋದೆ. ಸೆಕಾಯಿ ಬಟ್ಟೆಗಳನ್ನು ಗಂಟು ಕಟ್ಟುವಾಗ ಗೌನನ್ನೂ ಅದರಲ್ಲಿ ಹಾಕಿದೆ ಎಂದು ಸುಳ್ಳು ಹೇಳಿದೆ.

ದನಗಳ ಉಣುಗು ಬಿಡಿಸುವ ಮದ್ದಿನ ತೊಟ್ಟಿಯ ಹತ್ತಿರ ಪಶುವೈದ್ಯರ ಲಾರಿ ಬಂದ ದಿನ, ನಾಯಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಡಾಕ್ಟರಮ್ಮ ಮುಕಾರೋ ಅದನ್ನು ಕಂಡವರೇ, "ಇದು ನಂಗೊತ್ತಿರೋ ನಾಯಿ. ಹೋದ ವರ್ಷ ಇದೇ ಥರ ಗಾಡೀಲಿ ಕರ್ಕೊಂಡ್ ಬಂದಿದ್ರಲ್ಲ, ಆ ಅಜ್ಜಿ ಎಲ್ಲಿ?" ಎಂದರು. ನೀವು ಇಲ್ಲ ಎಂದೆ. ಅವರು ಒಂದು ಕಾಗದದ ಪಟ್ಟಿಯನ್ನು ನಾಯಿಯ ಕೆಳರೆಪ್ಪೆಯೊಳಗೆ ಸಿಕ್ಕಿಸಿ ಒಂದು ನಿಮಿಷ ಕಾದರು. ಪಕ್ಕದಲ್ಲಿದ್ದ ಇನ್ನೊಂದು ನಾಯಿಗೂ ಹಾಗೇ ಮಾಡಿದರು. ಅದರ ಪಟ್ಟಿ ಅರ್ಧಕ್ಕಿಂತ ಹೆಚ್ಚು ಒದ್ದೆಯಾಯಿತು, ನಮ್ಮದರ ಪಟ್ಟಿ ಒಣಗಿದ ಹಾಗೇ ಇತ್ತು. ಅದಕ್ಕೆ ಕಣ್ಣೀರಿಲ್ಲವಂತೆ, ಬಾಯಲ್ಲಿ ಜೊಲ್ಲೂ ಇಲ್ಲವಂತೆ.

"ಯಾರ್ ಮಾಡಿದ್ದು?" ಎಂದು ಕೇಳಿದೆ. "ಯಾರೂ ಅಲ್ಲ" ಎಂದರು. ಮೈಯನ್ನು ಕಾಯಬೇಕಾದ ಪಡೆ ಕಣ್ಣೀರು ಬರುವ ಗ್ರಂಥಿಯನ್ನು, ಜೊಲ್ಲು ಬರುವ ಗ್ರಂಥಿಯನ್ನು ಹಗೆ ಅಂದುಕೊಂಡು ತಾನೇ ಹಾಳು ಮಾಡುತ್ತದಂತೆ. ಯಾಕೆ ಹಾಗೆ ಎಂದರೆ ಅವರಿಗೂ ಪೂರ್ತಿ ಗೊತ್ತಿಲ್ಲವಂತೆ. ನನಗೆ ತಲೆಬುಡ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಒಂದೇ ಮೈಯಲ್ಲಿದ್ದುಕೊಂಡು ತನ್ನದನ್ನು ತನ್ನದೆಂದು ಗುರುತಿಸದೇ ಇರುವುದು ಹೇಗೆ? ಯಾರೂ ಕಳಿಸದ ಕಾಯಿಲೆಗೆ ಯಾರನ್ನು ಬೈಯುವುದು? ನಾನು ಪಂಚಾಯಿತಿಗೆ ಹೊತ್ತೊಯ್ದ ಬಟ್ಟಲನ್ನು ಎಲ್ಲಿ ಇಡುವುದು? "ಅಜ್ಜಿಗೆ ಎಲ್ಲಾ ಹೇಳಿಕೊಟ್ಟಿದ್ದೆ" ಎಂದರು ಡಾಕ್ಟರಮ್ಮ. "ದಿನಕ್ಕೆರಡು ಸಲ ಬಿಸಿನೀರಲ್ಲಿ ಒರೆಸಿ ಮುಲಾಮು ಹಾಕ್ಬೇಕು, ಗಟ್ಟಿ ತಿನ್ನಿಸ್ಬಾರ್ದು, ತೆಳ್ಳಗೆ ಗಂಜಿ ಕೊಡ್ಬೇಕು. ಸಾಯೋವರೆಗೂ ಬಿಡ್ಬಾರ್ದು. ಮಧ್ಯದಲ್ಲಿ ಯಾಕ್ ಬಿಟ್ರಿ? ಬಿಡದೇ ಇದ್ದಿದ್ರೆ ಆ ಎಡಗಣ್ಣೂ ಉಳೀತಿತ್ತೇನೋ."

ಆಮೇಲೆ ಅವರು ಹಳೆಯ ಚೀಟಿಗಳ ಕಟ್ಟಿನಿಂದ ನಿಮ್ಮ ಚೀಟಿ ತೆಗೆದು ತೋರಿಸಿದರು. ನಾಯಿಯ ಹೆಸರಿನ ಮುಂದೆ ಹಮುಂದಿದಿ ಎಂದಿತ್ತು. ಯಾರ ನಾಯಿ ಎಂಬಲ್ಲಿ ಮಾಯಿದೆಯಿ ಎಂದಿತ್ತು. ರತಿಜೋಳ ತಾಯಿ ಅಲ್ಲ, ಗುಟುವಿನವಳು ಅಲ್ಲ. ಅವರು ಕೇಳಿದಾಗ ನೀವು ಬಾಯಿಬಿಟ್ಟು ಹೇಳಿದ್ದೀರಿ. ಚೀಟಿಗೆ ಹೆಸರು ಬೇಕೇ ಬೇಕು ಎಂದು ಹೇಳಿದಿರೋ, ಇನ್ನೇನಾದರೂ ಮನಸ್ಸಿನಲ್ಲಿತ್ತೋ, ನನಗೆ ಗೊತ್ತಿಲ್ಲ. ಅದೇ ತಿಳಿಯಬೇಕು ಅತ್ತೆ, ಅದೊಂದು ತಿಳಿದರೆ ಸಾಕು.

ಒಂದು ವರ್ಷದಿಂದ ದಿನಕ್ಕೆರಡು ಸಲ ಕಣಜದ ಹಿಂದೆ, ನಿಮ್ಮ ಕಲ್ಲಿನ ಮೇಲೆ ಕುಳಿತು ಮುಲಾಮು ಹಾಕುತ್ತಿದ್ದೇನೆ. ನನ್ನ ಬಟ್ಟೆಯಲ್ಲಿ ಹೋದರೆ ಹಲ್ಲು ತೋರಿಸುತ್ತದೆ, ತಲೆ ಕೊಡವುತ್ತದೆ. ಎರಡು ಸಲ ಕಚ್ಚಿದೆ. ನಿಮ್ಮ ಗೌನು ತೊಟ್ಟರೆ ಮಾತ್ರ ಸುಮ್ಮನೆ ಬಂದು ಮುಖ ಎತ್ತುತ್ತದೆ. ವಾಸನೆ ಹೋದೀತೆಂದು ಗೌನನ್ನು ಒಗೆದಿಲ್ಲ. ನಶ್ಯ, ಹೊಗೆ, ನಿಮ್ಮ ಬೆವರು ಎಲ್ಲ ಇನ್ನೂ ಇವೆ. ಬಲಗಣ್ಣು ಉಳಿದುಕೊಂಡಿದೆ, ಮಂಕಾಗಿಯಾದರೂ ನನ್ನನ್ನು ನೋಡುತ್ತದೆ. ನಿಮ್ಮ ಗೌನು ತೊಟ್ಟ ನನ್ನನ್ನು ನೋಡಿ ಅದು ಯಾರನ್ನು ಕಾಣುತ್ತದೋ. ಈಗ ಯಾರಾದರೂ ಕಣಜದ ಹಿಂದೆ ಬಂದರೆ, ನಾನು ಕಂಡದ್ದನ್ನೇ ಅವರೂ ಕಾಣುತ್ತಾರೆ. ನಾನು ಅಂದುಕೊಂಡದ್ದನ್ನೇ ಅಂದುಕೊಳ್ಳುತ್ತಾರೆ.

ಸೆಕಾಯಿ ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ.

*

ಈಗ ಮರುದಿನದ ಸಂಜೆ. ನೆಂಟರು ಹೊರಟಿದ್ದಾರೆ.

ಬೆಳಿಗ್ಗೆ ಚಾಪೆಯ ಮೇಲೆ ಬಟ್ಟೆಗಳನ್ನು ಹರವಿ ನೀರು ಚಿಮುಕಿಸಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಕೊನೆಯ ಕ್ಷಣದವರೆಗೂ ಬಾಯಿ ಮುಚ್ಚಿಕೊಂಡಿರೋಣ ಎಂದೇ ಇತ್ತು, ನಿಮ್ಮ ಹತ್ತಿರ ಸುಳ್ಳು ಯಾಕೆ. ಸೆಕಾಯಿ ಎರಡು ಸಲ ಬಟ್ಟೆ ಸರಿಸಿ ನೋಡಿ, "ನೀಲಿ ಗೌನೆಲ್ಲಿ?" ಎಂದಳು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದಿನಾ ತೊಡ್ತಿದ್ದಿದ್ದೇ ಅದು, ಅದೇ ಇಲ್ಲ ಅಂದ್ರೇನು" ಎಂದು ನಿಮ್ಮ ತಮ್ಮನ ಹೆಂಡತಿ ಗೊಣಗಿದರು. ನಾನು ಕಣಜದ ಹಿಂದೆ ಹೋಗಿ ಗೌನನ್ನು ತಂದು ಎಲ್ಲರ ಮುಂದೆ ಹಿಡಿದೆ.

"ಇದು ನಿನ್ನ ಹತ್ರ ಹ್ಯಾಗ್ ಬಂತಮ್ಮಾ?" ಎಂದರು ಒನಿಯಾಸ್ ಮಾವ. ಮೆತ್ತಗೇ ಕೇಳಿದರು. ಪಂಚಾಯಿತಿ ಮಾಡಿದ ಮುಖ್ಯಸ್ಥರೂ ಅಲ್ಲೇ ಇದ್ದರು. ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ನಮ್ಮ ನಾಯಿ ಪಡುವ ಪಾಡು ಆಗ ಚೂರು ತಿಳಿಯಿತು. ಕೊನೆಗೆ ಹೊರಬಂದದ್ದು ನಿಮ್ಮ ಮಾತೇ. "ನನ್ನ ಕೇಳ್ಬೇಡಿ ಮಾವ. ನಾಯೀನೇ ಕೇಳಿ" ಎಂದೆ.

ನನ್ನ ಬಟ್ಟೆಯ ಮೇಲೇ ಗೌನನ್ನು ತೊಟ್ಟು, ಅಂಗಳದ ಕಲ್ಲಿನ ಮೇಲೆ ಕುಳಿತು, ಹಮುಂದಿದಿ ಎಂದು ಕರೆದೆ. ಅದು ಗೋಡೆಗೆ ಮೈ ಸವರಿಕೊಂಡು ನಿಧಾನವಾಗಿ ಬಂತು. ಹೆಂಡದ ಮಡಕೆಗೆ ಮೂಗು ತಾಗಿಸಿ, ದಾರಿ ಸರಿ ಮಾಡಿಕೊಂಡು ನನ್ನ ಮೊಣಕಾಲುಗಳ ನಡುವೆ ಕುಳಿತು ಮುಖ ಎತ್ತಿತು. ನಾನು ಬಟ್ಟೆಯ ಚೂರಿನಿಂದ ಎರಡೂ ಕಣ್ಣು ಒರೆಸಿ, ಕಾಣದ ಕಣ್ಣಿಗೂ ಕಾಣುವ ಕಣ್ಣಿಗೂ ಮುಲಾಮು ಹಾಕಿದೆ. "ಅವತ್ತು ಅತ್ತೆ ಮಾಡ್ತಿದ್ದಿದ್ದು ಇಷ್ಟೇ" ಎಂದೆ. "ನಾನು ಕಂಡಿದ್ದು ನಿಜ, ಹೇಳಿದ್ದು ತಪ್ಪು. ಇದರ ಒಂದು ಕಣ್ಣು ತೆಗೆದೋಳು ನಾನು." ಯಾರೂ ನಗಲಿಲ್ಲ. ಮುಖ್ಯಸ್ಥರು ತಲೆಯ ಮೇಲಿನ ಹ್ಯಾಟು ತೆಗೆದು ಅದರ ಒಳಗೆ ನೋಡುತ್ತ ಕೂತರು. ನಿಮ್ಮ ಮಗ ಎದ್ದು ಬೇಲಿಯ ಕಡೆ ಹೋದರು.

ಒನಿಯಾಸ್ ಮಾವ ಗದ್ದ ಕೆರೆದುಕೊಂಡರು. "ಸತ್ತವರ ಬಟ್ಟೆ ಸೊಸೆಗೆ ಹೋಗೋ ಪದ್ಧತಿ ಇಲ್ಲ" ಎಂದರು. "ಅದು ಬಳಗಕ್ಕೆ ಹೋಗ್ಬೇಕು. ಆದ್ರೆ ಈ ನಾಯಿ ನನ್ನ ಅಕ್ಕನ ಬಳಗ ಅಲ್ಲ ಅನ್ನೋ ಧೈರ್ಯ ನಂಗಿಲ್ಲ. ಗೌನು ನಾಯಿ ಪಾಲಿಗೆ. ಕೇಳಿಸ್ತೇನಮ್ಮಾ, ನಿಂಗಲ್ಲ, ನಾಯಿಗೆ. ಅದು ಇರೋ ತನಕ ನೀನು ಕಾಯ್ತೀಯ, ಆಮೇಲೆ ಬುಹೇರಾಕ್ಕೆ ತಂದ್ಕೊಡ್ತೀಯ. ತಪ್ಪಾಯ್ತು ಅನ್ನೋದನ್ನ ನಮಗೆ ಹೇಳ್ಬೇಡ. ಹೇಳ್ಬೇಕಾದೋಳಿಗೆ ಹೇಳು." ನೀರು ತೆಗೆದುಕೊಂಡು ಗೌನಿನ ಮೇಲೂ, ನಾಯಿಯ ತಲೆಯ ಮೇಲೂ ಚಿಮುಕಿಸಿದರು. ಅದು ನಾಲಿಗೆ ಚಾಚಿ ಮೂತಿಯ ಮೇಲೆ ಬಿದ್ದ ಹನಿಗಳನ್ನು ನೆಕ್ಕಿಕೊಂಡಿತು.

ತಪ್ಪಾಯಿತು ಅತ್ತೆ. ಹೇಳಬೇಕಾದವರಿಗೆ ಹೇಳುತ್ತಿದ್ದೇನೆ.

ಆದರೆ ನನ್ನ ಗೊಂದಲ ಹಾಗೇ ಇದೆ. ನೀವು ಕಾಪಾಡಿದ್ದು ನನ್ನ ನಾಯಿ ಎಂದೋ, ಬರೀ ನಾಯಿ ಎಂದೋ? ನನ್ನ ಕಣ್ಣಿಗೆ ಬೀಳದ ಹಾಗೆ ಯಾಕೆ ಮಾಡಿದಿರಿ? ನಾಯಿಯ ಹೆಸರು ಸುಳ್ಳಾದೀತೆಂದು ನಾಚಿಕೆಯೇ? ಈ ಸಂಜೆ ಎಂದಿನಂತೆ ಬಾಗಿಲಲ್ಲಿ ನಿಂತೆ. ಬೇರೆ ಹೆಸರಿಡೋಣ ಎಂದು ಮಧ್ಯಾಹ್ನದಿಂದ ಯೋಚಿಸಿದ್ದೆ, ಆದರೆ ಆ ವಯಸ್ಸಾದ ಜೀವಕ್ಕೆ ಇನ್ನೊಂದು ಹೆಸರು ಕಲಿಸುವುದು ಹೇಗೆ? ಹಮುಂದಿದೀ ಎಂದೇ ಕೂಗಿದೆ. ಬಾವಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ನಾ‌ಯಿ ಎದ್ದು ಬಂತು. ನಾನು ಮಾತ್ರ ಒಳಗೆ ಹೋಗದೆ ಅಲ್ಲೇ ನಿಂತಿದ್ದೆ. ನಿಮ್ಮ ಬಾಗಿಲ ಕಡೆಯಿಂದ, ನ್ದಾಯ್ತೆಯೀ, ನಾನೇನು ಮಾಡಿದೆ ಎಂದು ಯಾರಾದರೂ ಕೂಗುತ್ತಾರೇನೋ ಎಂದು ಕಾಯುತ್ತಿದ್ದೆ.

ಈ ಹಾಳೆಗಳನ್ನು ಗೌನಿನ ಎಡ ಜೇಬಿನಲ್ಲಿ ಇಡುತ್ತೇನೆ. ಬಲ ಜೇಬು ಮುಲಾಮಿಗೆ ಬೇಕು. ಅಲ್ಲಿ ಹಿರಿಯರ ನಡುವೆ ನಿಮಗೆ ಒಳ್ಳೆಯ ಜಾಗ ಸಿಗಲಿ, ತಟ್ಟೆಯಲ್ಲಿ ಮೆತ್ತಗಿನ ಮುದ್ದೆ ಸಿಗಲಿ. ರತಿಜೋಳ ಮೇಲೆ, ನಿಮ್ಮ ಮಗನ ಮೇಲೆ, ಈ ಒಂಟಿ ಕಣ್ಣಿನ ಮೇಲೆ ನಿಮ್ಮ ದೃಷ್ಟಿ ಇರಲಿ. ನಿಮಗೆ ಬೇಡವೆನಿಸದಿದ್ದರೆ ನನ್ನ ಮೇಲೂ.

ಚೀಟಿಯಲ್ಲಿ ನೀವು ಬರೆಸಿದ ಹೆಸರಿನವಳು,
ಮಾಯಿದೆಯಿ